ಕಾಮನಬಿಲ್ಲಿನ ಕಾಯರ್‌ಗಳು: ಕ್ರಿಸ್‌ಮಸ್ ಹಾಡಿಗೆ ಇನ್ನೊಂದು ಮನೆ



ನೆದರ್‌ಲ್ಯಾಂಡ್ಸ್‌ನಲ್ಲಿ ಡಿಸೆಂಬರ್ ಎಂದರೆ ಎರಡು ಹಬ್ಬ. ಐದನೇ ತಾರೀಖಿನ ಸಂಜೆ ಸಿಂಟರ್‌ಕ್ಲಾಸ್ ಅಜ್ಜ ಬಂದು ಮಕ್ಕಳಿಗೆ ಉಡುಗೊರೆ ಕೊಟ್ಟು ಹೋಗುತ್ತಾನೆ. ಆಮೇಲೆ 25 ಮತ್ತು 26, ಎರಡು ದಿನದ ಕ್ರಿಸ್‌ಮಸ್. ಮೊದಲ ದಿನ ಗಂಡನ ಮನೆ, ಎರಡನೇ ದಿನ ಹೆಂಡತಿಯ ತವರು ಎಂಬ ಲೆಕ್ಕಾಚಾರ ಇಲ್ಲಿಯೂ ಉಂಟು! ಅದಕ್ಕೂ ಮುಂಚಿನ ವಾರಗಳಲ್ಲಿ ಊರೂರಿನ ಚರ್ಚುಗಳಲ್ಲಿ ಕಾಯರ್‌ಗಳ ಹಾಡಿನ ಕಛೇರಿ. ಆ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನರ ಕಾಯರ್‌ಗಳೂ ಸಿಗುತ್ತವೆ. 'ಮನೂವರ್' ಎಂಬುದು ಆಮ್‌ಸ್ಟರ್‌ಡ್ಯಾಮ್‌ನ ಅಂಥದೊಂದು ಗೇ ಪುರುಷರ ಕಾಯರ್.

"ಹಾಡುವುದಕ್ಕೂ ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದಕ್ಕೂ ಏನು ಸಂಬಂಧ ಸ್ವಾಮೀ?" ಎಂದು ನಮ್ಮ ಬಳಗದಲ್ಲೇ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಈ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಹುಡುಕೋಣ.

ನಾಲ್ಕು ದನಿ, ಒಂದು ಹಾಡು

ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹಿಂದಿನಿಂದ ಹೇಳುತ್ತಾರೆ. ಕಾಯರ್‌ನ ದಾರಿ ಬೇರೆ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಗುಂಪು. ನಾಲ್ಕಕ್ಕೂ ಬೇರೆ ಬೇರೆ ಸ್ವರ. ಒಂದು ಗುಂಪಿನದನ್ನಷ್ಟೇ ಕೇಳಿದರೆ ಹಾಡು ಅರ್ಧಂಬರ್ಧ ಅನ್ನಿಸುತ್ತದೆ. ನಾಲ್ಕೂ ಕೂಡಿದಾಗಲೇ ಅದಕ್ಕೆ ಮೈ ತುಂಬುವುದು. ಮಂಗಳೂರು, ಧಾರವಾಡ ಕಡೆಯವರಿಗೆ ಇದು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ಹೀಗೆ ಹಾಡುವವರಿದ್ದಾರೆ.

ವಾಡಿಕೆಯಲ್ಲಿ ಮೇಲಿನ ಎರಡು ದನಿ ಹೆಂಗಸರದು, ಕೆಳಗಿನ ಎರಡು ಗಂಡಸರದು. ಟ್ರಾನ್ಸ್‌ಜೆಂಡರ್ ಗಾಯಕರಿಗೆ ತೊಡಕು ಶುರುವಾಗುವುದೇ ಇಲ್ಲಿ. ಹೆಣ್ಣೆಂದು ಬೆಳೆಸಲ್ಪಟ್ಟು ಗಂಡಾಗಿ ಬಾಳುವವರು ಟೆಸ್ಟೋಸ್ಟಿರಾನ್ ತೆಗೆದುಕೊಂಡರೆ ಗಂಟಲಿನ ಸ್ವರತಂತುಗಳು ದಪ್ಪವಾಗಿ ದನಿ ಇಳಿಯುತ್ತದೆ. ಹದಿಹರೆಯದ ಹುಡುಗರಂತೆ ಕೆಲವು ತಿಂಗಳು ದನಿ ಒಡೆಯುತ್ತದೆ. ಹಾಡುವುದನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಆದರೆ ಟ್ರಾನ್ಸ್ ಹೆಣ್ಣುಮಕ್ಕಳಲ್ಲಿ, ಒಮ್ಮೆ ಇಳಿದ ದನಿಯನ್ನು ಈಸ್ಟ್ರೊಜನ್ ಮೇಲೆತ್ತುವುದಿಲ್ಲ. ಸೀರೆಯುಟ್ಟು ಬಾಸ್ ಹಾಡಬೇಕಾದವರನ್ನು ಸಾಮಾನ್ಯ ಕಾಯರ್ "ನೀವು ಆ ಕಡೆ, ಗಂಡಸರ ಸಾಲಿಗೆ ಹೋಗಿ" ಎಂದರೆ ಅವರು ಮಾರನೇ ವಾರ ಬರುತ್ತಾರೆಯೇ? ಇದಕ್ಕೆ ಇಂಥ ಕಾಯರ್‌ಗಳು ಕಂಡುಕೊಂಡ ಉಪಾಯ ಬಲು ಸರಳ. "ಹೆಂಗಸರು ಎದ್ದು ನಿಲ್ಲಿ" ಎನ್ನುವ ಬದಲು "ಆಲ್ಟೊಗಳು ಎದ್ದು ನಿಲ್ಲಿ" ಎನ್ನುವುದು. ಒಂದು ಪದ ಬದಲಾಯಿತು, ಒಬ್ಬರಿಗೆ ಜಾಗ ಸಿಕ್ಕಿತು.

ಶುರುವಾದದ್ದು ಸಾವಿನ ಮನೆಯಲ್ಲಿ

ಸ್ಯಾನ್ ಫ್ರಾನ್ಸಿಸ್ಕೊ ಗೇ ಮೆನ್ಸ್ ಕೋರಸ್ 1978ರ ಅಕ್ಟೋಬರ್ ಕೊನೆಯಲ್ಲಿ ಅಭ್ಯಾಸ ಆರಂಭಿಸಿತು. ನವೆಂಬರ್ 27ರಂದು ಆ ನಗರದ ಮೇಯರ್ ಜಾರ್ಜ್ ಮಾಸ್ಕೋನ್ ಮತ್ತು ಜನಪ್ರತಿನಿಧಿ ಹಾರ್ವೆ ಮಿಲ್ಕ್ ಅವರ ಕೊಲೆಯಾಯಿತು. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆ ಗೆದ್ದಿದ್ದ ವ್ಯಕ್ತಿ ಮಿಲ್ಕ್. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಸಿಟಿ ಹಾಲ್ ಮುಂದೆ ನೆರೆದಾಗ, ಇನ್ನೂ ಒಂದು ಕಛೇರಿಯನ್ನೂ ಕೊಡದಿದ್ದ ಈ ತಂಡ ಮೆಟ್ಟಿಲ ಮೇಲೆ ನಿಂತು ಮೆಂಡಲ್ಸನ್ನನ ಭಕ್ತಿಗೀತೆಯೊಂದನ್ನು ಹಾಡಿತು. ಅದೇ ಅವರ ಮೊದಲ ಸಾರ್ವಜನಿಕ ಗಾಯನ.

ಆಮೇಲೆ ಏಡ್ಸ್ ಬಂತು. ಆ ತಂಡದ ನೂರಾರು ಮಂದಿ ಸತ್ತರು. ಉಳಿದವರು ಒಬ್ಬರ ಶವಸಂಸ್ಕಾರದಲ್ಲಿ ಹಾಡಿ ಇನ್ನೊಬ್ಬರದಕ್ಕೆ ಹೋಗುವಂತಾಯಿತು. ಹೀಗೆ ತೀರಿಕೊಂಡವರನ್ನು ಆ ಕಾಯರ್ 'ಐದನೇ ವಿಭಾಗ' ಎಂದು ಕರೆಯುತ್ತದೆ. ಹಾಡುವವರದು ನಾಲ್ಕು ವಿಭಾಗ, ಮೌನವಾದವರದು ಐದನೆಯದು.

ಯುರೋಪಿನಲ್ಲಿ 1985ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಕೆಲವು ಕಾಯರ್‌ಗಳು ಒಟ್ಟು ಸೇರಿದವು. ಅದೇ ಬೆಳೆದು 'ವೇರಿಯಸ್ ವಾಯ್ಸಸ್' ಎಂಬ ಉತ್ಸವವಾಯಿತು. 2009ರಲ್ಲಿ ಲಂಡನ್, 2014ರಲ್ಲಿ ಡಬ್ಲಿನ್, 2018ರಲ್ಲಿ ಮ್ಯೂನಿಕ್, 2023ರಲ್ಲಿ ಬೊಲೋನ್ಯಾ ಎಂದು ಊರಿಂದೂರಿಗೆ ಅದು ತಿರುಗಿದೆ.

ಡಚ್ ನೆಲದಲ್ಲಿ

ನೆದರ್‌ಲ್ಯಾಂಡ್ಸ್ ಎಂದರೆ ಎಲ್ಲದಕ್ಕೂ ಅನುಮತಿಯಿರುವ ದೇಶ ಎಂಬ ನಂಬಿಕೆ ನಮ್ಮಲ್ಲಿದೆ. ಇತಿಹಾಸ ಅಷ್ಟು ಸಲೀಸಾಗಿಲ್ಲ. 1811ರಲ್ಲಿ ಫ್ರೆಂಚ್ ಕಾನೂನು ಬಂದಾಗ ಸಲಿಂಗ ಸಂಬಂಧ ಅಪರಾಧವಲ್ಲ ಎಂದಾಯಿತು. ಸರಿಯಾಗಿ ನೂರು ವರ್ಷಕ್ಕೆ, 1911ರಲ್ಲಿ, 248ಬಿಸ್ ಎಂಬ ಕಲಮು ಬಂತು. ಉಳಿದವರಿಗೆ ಒಪ್ಪಿಗೆಯ ವಯಸ್ಸು 16 ಆದರೆ ಸಲಿಂಗಿಗಳಿಗೆ 21. ಅದು ತೊಲಗಿದ್ದು 1971ರಲ್ಲಿ.

ಸಾಹಿತ್ಯಪ್ರಿಯರಾದ ನಮಗೆ ಖುಷಿ ಕೊಡುವ ಸಂಗತಿಯೊಂದಿದೆ. 1946ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಲಿಂಗಿಗಳು ಕಟ್ಟಿಕೊಂಡ ಸಂಘದ ಮೊದಲ ಹೆಸರು 'ಷೇಕ್ಸ್‌ಪಿಯರ್ ಕ್ಲಬ್'! ಮುಂದೆ ಅದು ಸಿಓಸಿ, ಅಂದರೆ 'ಸಂಸ್ಕೃತಿ ಮತ್ತು ವಿರಾಮ ಕೇಂದ್ರ' ಎಂಬ ಹೆಸರು ಪಡೆಯಿತು. ಬಚ್ಚಿಟ್ಟುಕೊಂಡೇ ಬದುಕಬೇಕಾದ ಜನ ಮೊದಲು ಆಸರೆ ಪಡೆದದ್ದು ಸಾಹಿತ್ಯ, ಸಂಸ್ಕೃತಿಗಳ ಹೆಸರಿನಲ್ಲಿ ಎಂಬುದು ಗಮನಿಸಬೇಕಾದ ಮಾತು. 1987ರಲ್ಲಿ ವೆಸ್ಟರ್‌ಕೆರ್ಕ್ ಚರ್ಚಿನ ಪಕ್ಕ, ಕಾಲುವೆಯ ದಂಡೆಯಲ್ಲಿ ನಸುಗೆಂಪು ಕಲ್ಲಿನ ತ್ರಿಕೋನಗಳ ಹೋಮೋಮಾನ್ಯುಮೆಂಟ್ ಎದ್ದಿತು. ಅದರ ಮೇಲೆ ಕೆತ್ತಿರುವುದೂ ಒಬ್ಬ ಕವಿಯ, ಯಾಕೋಬ್ ಇಸ್ರಾಯೆಲ್ ದೆ ಹಾನ್‌ನ, ಸಾಲು. 2001ರ ಏಪ್ರಿಲ್ 1ರಂದು, ನಡುರಾತ್ರಿ ಕಳೆದ ಕೂಡಲೇ, ಮೇಯರ್ ಯೋಬ್ ಕೋಹೆನ್ ನಾಲ್ಕು ಜೋಡಿಗಳಿಗೆ ಮದುವೆ ಮಾಡಿಸಿದರು. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಮೊದಲ ದೇಶ ಇದೇ.

ಕ್ರಿಸ್‌ಮಸ್ಸೇ ಏಕೆ?

ಏಕೆಂದರೆ ಅದು ಮನೆಯ ಹಬ್ಬ. ಮನೆಯ ಬಾಗಿಲು ಮುಚ್ಚಿದವರಿಗೆ ವರ್ಷದ ಅತಿ ಕಷ್ಟದ ದಿನವೂ ಅದೇ. ನಾವೂ ದೀಪಾವಳಿಯ ದಿನ ಊರಿನಿಂದ ದೂರ ಕೂತು ಹೋಳಿಗೆಯ ಫೋಟೋ ನೋಡಿ ನಿಟ್ಟುಸಿರು ಬಿಡುವವರೇ. ಆದರೆ ನಮಗೆ ಅಡ್ಡ ಬಂದಿರುವುದು ವಿಮಾನದ ಟಿಕೆಟ್ಟು. ಅಮ್ಮ ಅಲ್ಲಿ ಕಾಯುತ್ತಿದ್ದಾಳೆ. ಅವರಲ್ಲಿ ಎಷ್ಟೋ ಜನಕ್ಕೆ ಮನೆ ಇರುವುದು ಅರ್ಧ ಗಂಟೆಯ ರೈಲು ದಾರಿಯಲ್ಲಿ, ಹೋಗುವಂತಿಲ್ಲ. ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೊ ತಂಡ ದಶಕಗಳ ಕಾಲ ಕ್ರಿಸ್‌ಮಸ್‌ನ ಹಿಂದಿನ ದಿನವೇ 'ಹಬ್ಬಕ್ಕೆ ಮನೆಗೆ' ಎಂಬರ್ಥದ ಹೆಸರಿನಲ್ಲಿ ಕಛೇರಿ ಕೊಟ್ಟಿತು. ಲಂಡನ್ ಗೇ ಮೆನ್ಸ್ ಕೋರಸ್ ಹುಟ್ಟಿದ್ದೂ ಹೀಗೆಯೇ. 1991ರಲ್ಲಿ ಒಂಬತ್ತು ಗೆಳೆಯರು ಏಂಜೆಲ್ ಸುರಂಗ ರೈಲು ನಿಲ್ದಾಣದಲ್ಲಿ ನಿಂತು, ಏಡ್ಸ್ ಪೀಡಿತರ ನೆರವಿಗೆಂದು ಕ್ರಿಸ್‌ಮಸ್ ಹಾಡು ಹಾಡಿದರು.

ಇನ್ನೊಂದು ಕಾರಣವೂ ಇದೆ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡಿ ಬೆಳೆದವರು ಮುಂದೆ ಚರ್ಚಿನಿಂದ ದೂರವಾದರೂ ಹಾಡುಗಳು ನಾಲಿಗೆಯ ಮೇಲೆ ಉಳಿದಿರುತ್ತವೆ. 'ಸ್ಟಿಲ್ಲೆ ನಾಖ್ಟ್' ಧಾಟಿ ಕೇಳಿದರೆ ಕಣ್ಣು ತೇವವಾಗುತ್ತದೆ. ನಂಬಿಕೆ ಬಿಟ್ಟವರಿಗೂ ಹಾಡು ತಮ್ಮದೇ ಎಂದು ಹೇಳುವ ಹಕ್ಕು ಬೇಡವೇ? ಈ ದೇಶದ ರೆಮಾನ್‌ಸ್ಟ್ರಂಟ್ ಎಂಬ ಸಣ್ಣ ಪಂಥದ ಚರ್ಚು 1986ರಲ್ಲೇ ಸಲಿಂಗ ಜೋಡಿಗಳನ್ನು ಆಶೀರ್ವದಿಸಲು ತನ್ನ ನಿಯಮ ತಿದ್ದಿಕೊಂಡಿತು. ಎಲ್ಲ ಚರ್ಚುಗಳೂ ಹಾಗಿಲ್ಲ. 2019ರ ಜನವರಿಯಲ್ಲಿ ಸಂಪ್ರದಾಯಸ್ಥ ಪಾದ್ರಿಗಳು ಸಲಿಂಗ ಸಂಬಂಧಗಳನ್ನು ಖಂಡಿಸುವ 'ನ್ಯಾಶ್‌ವಿಲ್ ಹೇಳಿಕೆ'ಗೆ ಸಹಿ ಹಾಕಿದರು. ಉತ್ತರವಾಗಿ ಅನೇಕ ಚರ್ಚು, ಪುರಭವನಗಳು ಕಾಮನಬಿಲ್ಲಿನ ಬಾವುಟ ಏರಿಸಿದವು. ಚರ್ಚಿನೊಳಗೆ ನಿಂತು ಈ ಕಾಯರ್‌ಗಳು ಹಾಡುವುದಕ್ಕೆ ಅಷ್ಟು ತೂಕ ಬರುವುದು ಅದಕ್ಕೇ.

ನಮ್ಮ ಕಡೆ

ಇದು ಪಶ್ಚಿಮದ ಗೀಳು ಎನ್ನುವವರು ಸವದತ್ತಿಯ ಕಡೆ ನೋಡಲಿ. ಮನೆಯಿಂದ ದೂರವಾದ ಮಂಜಮ್ಮ ಜೋಗತಿ ಅವರನ್ನು ಕಾಪಾಡಿದ್ದು ಎಲ್ಲಮ್ಮನ ಹಾಡು, ಜೋಗತಿ ನೃತ್ಯ, ಚೌಡಿಕೆಯ ಮೇಳ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಮುಂಬಯಿಯಲ್ಲಿ 'ರೇನ್‌ಬೋ ವಾಯ್ಸಸ್' ಎಂಬ ಕಾಯರ್ ಹುಟ್ಟಿಕೊಂಡಿತು. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಕನ್ನಡ ಓದುಗರು ಅದನ್ನು ತಮ್ಮ ಮನೆಯ ಹುಡುಗನ ಕತೆಯೆಂದೇ ಓದಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರಲ್ಲಿ ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ.

ಕೋರ್ಟು ಕೊಡುವುದು ಕೋರ್ಟಿಗೆ ಬಿಟ್ಟಿದ್ದು. ನಾವು ಕೊಡಬಹುದಾದದ್ದೂ ಒಂದಿದೆ. ನಮ್ಮ ಯುಗಾದಿ, ರಾಜ್ಯೋತ್ಸವದ ಕರೆಯೋಲೆಗಳಲ್ಲೆಲ್ಲ 'ಸಕುಟುಂಬ ಸಪರಿವಾರ ಸಮೇತರಾಗಿ ಬನ್ನಿ' ಎಂದು ಬರೆಯುತ್ತೇವೆ. ಇಲ್ಲಿ ಓದಲು, ದುಡಿಯಲು ಬಂದ ನಮ್ಮ ಹುಡುಗನೊಬ್ಬ ತನ್ನ ಸಂಗಾತಿಯ ಕೈ ಹಿಡಿದು ಬಂದರೆ ಆ 'ಸಕುಟುಂಬ' ಎಂಬ ಪದದೊಳಗೆ ಅವರಿಬ್ಬರಿಗೂ ಎಲೆ ಹಾಕುತ್ತೇವೆಯೇ? ಹಾಕುತ್ತೇವೆ ಎಂದಾದರೆ ಮುಂದಿನ ಕರೆಯೋಲೆಯಲ್ಲಿ ಅದನ್ನು ಬಿಡಿಸಿಯೇ ಬರೆಯೋಣ. ಬಾಗಿಲು ತೆರೆದಿದೆ ಎಂದು ಹೊರಗಿದ್ದವರಿಗೆ ತಿಳಿಯುವುದು ಒಳಗಿದ್ದವರು ಹೇಳಿದಾಗಲೇ.