ಜಮೀನಿಲ್ಲದವನಿಗೆ ಜಾಮೀನಿಲ್ಲ, ಓಟೂ ಇಲ್ಲ

ಒಂಟಿಕೊಪ್ಪಲ್ ಅಂದರೆ ನಾಡಿಗೆಲ್ಲ ನೆನಪಾಗುವುದು ಪಂಚಾಂಗ. ಯಾರಿಗೆ ಯಾವ ಗಳಿಗೆ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹೇಳುವ ಪುಸ್ತಕ ಅದು. ಗಳಿಗೆ ನೋಡದೆ, ಜಾತಿ ಕೇಳದೆ ಜನ ಒಂದೇ ಸಾಲಲ್ಲಿ ನಿಲ್ಲುವ ದಿನವೂ ಇಲ್ಲಿಗೆ ಬರುತ್ತೆ. ಅದು ಓಟಿನ ದಿನ. 2024ರ ಏಪ್ರಿಲ್ 26ರಂದು ಮೈಸೂರು ಹೀಗೆ ಸಾಲಲ್ಲಿ ನಿಂತಾಗ, ಇದೇ ಊರಿನ ಸೆಂಟ್ರಲ್ ಜೈಲಿನಲ್ಲಿದ್ದ ಕೈದಿಗಳಿಗೂ ವಿಚಾರಣಾಧೀನರಿಗೂ ಆ ಸಾಲು ಇರಲಿಲ್ಲ.

'ತಪ್ಪು ಮಾಡಿದವರಿಗೆ ಓಟು ಯಾಕೆ?' ಅನ್ನುವವರಿದ್ದಾರೆ. ಕಾನೂನು ಏನು ಹೇಳುತ್ತೆ ನೋಡೋಣ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಜೈಲಿನಲ್ಲಿರುವವರು, ಪೊಲೀಸರ ವಶದಲ್ಲಿರುವವರು ಓಟು ಹಾಕುವಂತಿಲ್ಲ. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಈ ಕಲಮು ಕೇಳುವುದು 'ನೀನು ಅಪರಾಧಿಯೇ?' ಅಂತಲ್ಲ, 'ನೀನು ಗೋಡೆಯ ಯಾವ ಕಡೆ ಇದ್ದೀಯ?' ಅಂತ. ಶಿಕ್ಷೆಯಾಗಿಯೂ ಜಾಮೀನಿನ ಮೇಲೆ ಹೊರಗಿರುವವನು ಓಟು ಹಾಕಬಹುದು. ಪಹಣಿ ಹಿಡಿದು ಜಾಮೀನು ನಿಲ್ಲುವವರು ಸಿಗದೆ ಒಳಗೆ ಕೊಳೆಯುವ ಕೂಲಿಯಾಳು, ಅಪರಾಧ ಸಾಬೀತಾಗದಿದ್ದರೂ, ಹಾಕುವಂತಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ಈ ವಿಚಾರಣಾಧೀನರಲ್ಲಿ ಹೆಚ್ಚುಕಮ್ಮಿ ಐವರಿಗೊಬ್ಬರು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇ. 16.6.

1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಪೊಲೀಸರು, ಸವಲತ್ತುಗಳು ಸಾಲವು, ಅಪರಾಧಿಗಳನ್ನು ಚುನಾವಣೆಯಿಂದ ದೂರ ಇಡಬೇಕು ಅನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಕೆಲವು. ಆದರೆ 2013ರ ತಿದ್ದುಪಡಿಯಾದ ಮೇಲೆ ವಿಚಾರಣಾಧೀನ ಕೈದಿ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದು. ನಿಲ್ಲಬಹುದು, ತನಗೆ ತಾನೇ ಓಟು ಹಾಕಿಕೊಳ್ಳುವಂತಿಲ್ಲ! ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯವಾದರೋ 1999ರಲ್ಲೇ ಕೈದಿಗಳಿಗೂ ಓಟಿನ ಏರ್ಪಾಟು ಮಾಡಿ ಅಂತ ಆದೇಶಿಸಿತು.

ಬಾಬಾಸಾಹೇಬರು 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಓಟಿಗಾಗಿ ವಾದಿಸಿದವರು. 1951ರ ಈ ಕಾಯ್ದೆ ಬಂದಾಗ ಕಾನೂನು ಮಂತ್ರಿಯೂ ಅವರೇ. ಇದನ್ನು ಮುಚ್ಚಿಡಬೇಕಿಲ್ಲ. ಅವರ ಕಾಲದ ಕಾನೂನನ್ನೂ ಅವರೇ ಕಲಿಸಿದ ಅಳತೆಗೋಲಿನಿಂದ ಅಳೆಯದಿದ್ದರೆ ದಲಿತ ವಿಮರ್ಶೆ ಬರೀ ಭಜನೆಯಾದೀತು.

ಕೇರಿಕೇರಿಗೂ ಮುಟ್ಟಬೇಕಾದ ಮಾತೊಂದಿದೆ. ಚುನಾವಣಾ ಅಕ್ರಮದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಶಿಕ್ಷೆ ಮುಗಿಸಿ ಬಂದವರಿಗೆ ಓಟು ಇದೆ. ಜೈಲಿಗೆ ಹೋದ ಮಾತ್ರಕ್ಕೆ ಪಟ್ಟಿಯಿಂದ ಹೆಸರು ತೆಗೆಯುವಂತಿಲ್ಲ. ಹೊರಗೆ ಬಂದವರನ್ನು ಕೈಹಿಡಿದು ಸಾಲಿಗೆ ಕರೆತರೋಣ. ಒಳಗಿರುವವರ ಪರ ದನಿ ಎತ್ತೋಣ.