ಏಳು ತಂತಿಯಲ್ಲಿ ಹಾಡಿದ ಪಿಟೀಲು

ಬಯಲಾಟದಲ್ಲಿ ಹಾಡುವವರ ದನಿ ಕೊನೆಯಲ್ಲಿ ಕೂತವರಿಗೂ ಮುಟ್ಟಬೇಕು ಎಂಬುದನ್ನು ಬಳ್ಳಾರಿ ಜಿಲ್ಲೆಯ ಕರೂರು, ಸಿರುಗುಪ್ಪ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕ ಸಂಗೀತದ ಕಛೇರಿಗೂ ಒಂದು ಕಾಲಕ್ಕೆ ಇದೇ ಕಷ್ಟವಿತ್ತು. ಮೈಕು ಬಾರದ ದಿನಗಳಲ್ಲಿ ಗಾಯಕರು ಎದೆ ತುಂಬಿ ಹಾಡುತ್ತಿದ್ದರು, ಮೃದಂಗ ಮೊರೆಯುತ್ತಿತ್ತು. ನಡುವೆ ನಾಲ್ಕು ತಂತಿಯ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲು ಮುಟ್ಟುವ ಮೊದಲೇ ಕರಗುತ್ತಿತ್ತು. ಈ ಕೊರತೆಗೆ ವಾದ್ಯದಲ್ಲೇ ಪರಿಹಾರ ಹುಡುಕಿದವರು ಮೈಸೂರಿನ ಟಿ. ಚೌಡಯ್ಯ, ಜನರ ಬಾಯಲ್ಲಿ ಪಿಟೀಲು ಚೌಡಯ್ಯ.

ಕಾವೇರಿ, ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಕಲಿತದ್ದು ಮೈಸೂರು ಆಸ್ಥಾನದ ಬಿಡಾರಂ ಕೃಷ್ಣಪ್ಪನವರಲ್ಲಿ. ಗುರುಗಳು ಹೆಸರಾದದ್ದು ಹಾಡಿಕೆಗೆ. ಚೌಡಯ್ಯನವರ ವಾದನದ ಗುಟ್ಟು ಇಲ್ಲೇ ಇದೆ ಎಂದು ನನ್ನ ನಂಬಿಕೆ. ಹಾಡುಗಾರರ ಬಳಿ ಬೆಳೆದ ಕೈ ತಂತಿಯ ಮೇಲೂ ಹಾಡನ್ನೇ ಹುಡುಕುತ್ತದೆ.

ಪಶ್ಚಿಮದ ವಾದಕರು ಪಿಟೀಲನ್ನು ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಾರೆ. ನಮ್ಮವರು ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಬಲಪಾದದ ಮೇಲಿಟ್ಟು, ಇನ್ನೊಂದು ಕೊನೆಯನ್ನು ಎದೆಗೆ ಆನಿಸುತ್ತಾರೆ. ಹಿಡಿಯುವ ಭಾರ ತಪ್ಪಿದ್ದರಿಂದ ಎಡಗೈ ತಂತಿಯುದ್ದಕ್ಕೂ ಸಲೀಸಾಗಿ ಜಾರುತ್ತದೆ. ವೀಣೆಗಿರುವ ಮೆಟ್ಟಿಲುಗಳು ಪಿಟೀಲಿಗಿಲ್ಲ. ಸ್ವರ ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೂ ಕಿವಿಗೂ ಮಾತ್ರ ಗೊತ್ತು. ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ. ಆದರೆ ಮೆಟ್ಟಿಲಿಲ್ಲದ್ದರಿಂದಲೇ ಕಂಠದ ಗಮಕ, ಜಾರುಗಳೆಲ್ಲ ಇಲ್ಲಿ ಹಾಗೆಹಾಗೇ ಮೂಡುತ್ತವೆ. ಹೊರಗಿನಿಂದ ಬಂದ ಈ ವಾದ್ಯ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕಾಯಂ ಜಾಗ ಪಡೆದದ್ದಕ್ಕೆ ಇದು ದೊಡ್ಡ ಕಾರಣ.

1920ರ ದಶಕದ ಕೊನೆಯ ಹೊತ್ತಿಗೆ ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಮೂರು ತಂತಿಗೆ ಒಂದೊಂದು ಜೋಡಿ ಬಂತು. ಕಮಾನು ಒಮ್ಮೆ ಎಳೆದರೆ ಎರಡು ತಂತಿ ಒಟ್ಟಿಗೆ ನುಡಿದು ನಾದ ದಪ್ಪವಾಗುತ್ತದೆ, ದೂರ ಹೋಗುತ್ತದೆ. ಹೇಳಲು ಸುಲಭ, ನುಡಿಸಲು ಕಠಿಣ. ಜೋಡಿಯಲ್ಲಿ ಒಂದು ತಂತಿಯ ಶ್ರುತಿ ತುಸು ಇಳಿದರೂ ಕಿವಿಗೆ ಮುಳ್ಳಾಗುತ್ತದೆ. ಎರಡನ್ನೂ ಒಂದೇ ಬೆರಳಿನಿಂದ ಸಮವಾಗಿ ಒತ್ತಬೇಕು. ಕಮಾನಿನ ಒತ್ತಡ ಎರಡಕ್ಕೂ ಸಮನಾಗಿ ಹಂಚಬೇಕು. ಬಿರಡೆ ಹೆಚ್ಚಿದಷ್ಟೂ ಶ್ರುತಿ ಕೂಡಿಸುವ ಕೆಲಸವೂ ಹೆಚ್ಚು. ಇಷ್ಟೆಲ್ಲ ಹೊತ್ತುಕೊಂಡು ಗಂಟೆಗಟ್ಟಲೆ ಕಛೇರಿ ನಡೆಸುವುದು ದೊಡ್ಡ ಸಾಧಕರಿಗಷ್ಟೇ ಆಗುವ ಮಾತು.

ಏಳು ತಂತಿಯ ಸುದ್ದಿ ಎಷ್ಟು ದೊಡ್ಡದೆಂದರೆ ಅದರ ಮರೆಯಲ್ಲಿ ಚೌಡಯ್ಯನವರ ಬಲಗೈಯನ್ನು ನಾವು ಮರೆಯುತ್ತೇವೆ. ತಂತಿ ನಾದಕ್ಕೆ ಗಾತ್ರ ಕೊಟ್ಟಿತು. ಉಸಿರು ಕೊಟ್ಟದ್ದು ಕಮಾನು. ಉದ್ದನೆಯ ಎಳೆತದಲ್ಲಿ ಒಂದು ಸ್ವರವನ್ನು ತುಂಬಿ ನಿಲ್ಲಿಸುವುದು, ಸಾಹಿತ್ಯದ ಅಕ್ಷರ ಎಲ್ಲಿ ಒಡೆಯುತ್ತದೋ ಅಲ್ಲೇ ಕಮಾನು ತಿರುಗಿಸುವುದು, ಇವು ಹಾಡು ಬಲ್ಲವರ ಲಕ್ಷಣ. ಆಲಾಪನೆಯಲ್ಲಿ ಗಾಯಕರು ಬಿಟ್ಟ ಎಳೆಯನ್ನು ಹಿಡಿದು ಮುಂದುವರಿಸುವಾಗಲೂ ತಾನು ಮುಂದಾಗದೆ ರಾಗವನ್ನೇ ಮುಂದಿಡುವುದು ಒಳ್ಳೆಯ ಪಕ್ಕವಾದ್ಯದ ಧರ್ಮ. ಚೆಂಬೈ ವೈದ್ಯನಾಥ ಭಾಗವತರ ಗಂಭೀರ ಕಂಠಕ್ಕೆ ಚೌಡಯ್ಯನವರ ಪಿಟೀಲು ಸರಿಜೋಡಿಯಾದದ್ದು ಗಟ್ಟಿ ಸದ್ದಿನಿಂದ ಮಾತ್ರವಲ್ಲ, ಈ ಧರ್ಮದಿಂದಲೂ. 1943ರ ಕನ್ನಡ ಚಿತ್ರ ‘ವಾಣಿ’ಯಲ್ಲಿ ಚೆಂಬೈ, ಚೌಡಯ್ಯ, ಮೃದಂಗದ ಪಾಲಘಾಟ್ ಮಣಿ ಅಯ್ಯರ್ ಒಟ್ಟಿಗೆ ಕಾಣಿಸಿಕೊಂಡಿದ್ದಾರೆ.

ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ ಅವರೊಂದಿಗೆ ಚೌಡಯ್ಯನವರನ್ನು ಸೇರಿಸಿ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಎಣಿಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಚೌಡಯ್ಯನವರಿಗೆ ‘ಸಂಗೀತ ಕಲಾನಿಧಿ’ ಬಿರುದು ನೀಡಿತು. ‘ತ್ರಿಮಕುಟ’ ಅಂಕಿತದಲ್ಲಿ ಅವರು ಕೃತಿಗಳನ್ನೂ ರಚಿಸಿದರು. 1967ರಲ್ಲಿ ಅವರು ತೀರಿಕೊಂಡ ಮೇಲೂ ಆರ್. ಆರ್. ಕೇಶವಮೂರ್ತಿಯವರಂಥ ವಿದ್ವಾಂಸರು ಏಳು ತಂತಿಯನ್ನು ಕೈಬಿಡಲಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಹೊತ್ತು ನಿಂತಿದೆ.

ಮೈಕು ಬಂದ ಮೇಲೆ ಸದ್ದಿಗಾಗಿ ಏಳು ತಂತಿ ಬೇಕಿಲ್ಲದಿರಬಹುದು. ಆದರೆ ಒಂದು ವಾದ್ಯಕ್ಕೆ ಮನುಷ್ಯನ ಕಂಠ ಕೊಡುವ ಸಾಧನೆ ಹಳತಾಗುವುದಿಲ್ಲ. ಚೆಂಬೈ–ಚೌಡಯ್ಯ ಜೋಡಿಯ ಹಳೆಯ ಧ್ವನಿಮುದ್ರಿಕೆ ಸಿಕ್ಕರೆ ಎರಡು ಸಲ ಕೇಳಿ. ಮೊದಲ ಸಲ ಹಾಡು ಕೇಳಿ. ಎರಡನೆಯ ಸಲ ಕಿವಿಯನ್ನು ಪಿಟೀಲಿಗೇ ಕೊಡಿ, ಕಮಾನು ಎಲ್ಲಿ ತಿರುಗಿತೆಂದು ಗಮನಿಸಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೇಳುವ ಕಿವಿ ಬೆಳೆದ ಊರಿನಲ್ಲಿ ನುಡಿಸುವ ಕೈಗಳೂ ಹುಟ್ಟುತ್ತವೆ.