ದೀಪ ಹಚ್ಚಲು ಹುಟ್ಟಿದ ಪುಟಾಣಿ ರೈಲು

ಸಂಜೆಯಾದರೆ ಅಂಗಡಿಯಲ್ಲಿ ಸ್ವಿಚ್ ಒತ್ತುತ್ತೇವೆ, ಲೈಟು ಹತ್ತುತ್ತೆ. ಹತ್ತದಿದ್ದರೆ ಲೈನ್‌ಮನ್‌ಗೆ ಬೈಗುಳ! ಆದರೆ ಆ ಕರೆಂಟು ಹುಟ್ಟುವ ಗುಡ್ಡಕ್ಕೆ ಟನ್‌ಗಟ್ಟಲೆ ಮಷೀನು ಹೋದದ್ದಾದರೂ ಹೇಗೆ ಎಂದು ಯಾರೂ ಕೇಳುವುದಿಲ್ಲ.

ಹಿಮಾಚಲ ಪ್ರದೇಶದ ಕಾಂಗ್ಡಾ ಕಣಿವೆಯಲ್ಲಿ ಅದಕ್ಕೆಂದೇ ಒಂದು ರೈಲು ಹುಟ್ಟಿತು.

1925ರಲ್ಲಿ ಮಂಡಿ ಸಂಸ್ಥಾನದ ರಾಜ ಜೋಗಿಂದರ್ ಸೇನ್, ಊಹ್ಲ್ ನದಿಯ ನೀರಿನಿಂದ ವಿದ್ಯುತ್ ತೆಗೆಯಲು ಬ್ರಿಟಿಷ್ ಸರ್ಕಾರಕ್ಕೆ 99 ವರ್ಷದ ಗುತ್ತಿಗೆ ಕೊಟ್ಟರು. ಯೋಜನೆಯ ರೂವಾರಿ ಇಂಜಿನಿಯರ್ ಕರ್ನಲ್ ಬ್ಯಾಟಿ. ಜಾಗವೇನೋ ಸಿಕ್ಕಿತು, ಯಂತ್ರ ಹೊರುವವರಾರು? ಪಠಾಣ್‌ಕೋಟ್‌ನಿಂದ 164 ಕಿಲೋಮೀಟರ್ ಹಳಿ ಹಾಕಿದರು. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಅಗಲ ಕಮ್ಮಿಯಾದರೆ ಗುಡ್ಡ ಕಡಿಯುವ ಖರ್ಚೂ ಕಮ್ಮಿ, ತಿರುವೂ ಸಲೀಸು. ಸುರಂಗ ಎರಡೇ ಎರಡು.

1928ರ ಡಿಸೆಂಬರ್‌ನಲ್ಲಿ ಗೂಡ್ಸು ಓಡಿತು. ಪ್ಯಾಸೆಂಜರ್ ಬಂದದ್ದು 1929ರ ಏಪ್ರಿಲ್‌ನಲ್ಲಿ. ಮೊದಲು ಮಷೀನು, ಆಮೇಲೆ ಮನುಷ್ಯ! ಕೊನೆಯ ಸ್ಟೇಷನ್ನಿನ ಸುಕ್ರಹಟ್ಟಿ ಎಂಬ ಹಳ್ಳಿ ರಾಜರ ಹೆಸರು ಹೊತ್ತು ಜೋಗಿಂದರ್‌ನಗರವಾಯಿತು. ಅಲ್ಲಿಂದ ಮೇಲಕ್ಕೆ ಹಗ್ಗ ಎಳೆಯುವ ಟ್ರಾಲಿಯಲ್ಲಿ ಸಾಮಾನು ಹತ್ತಿತು. 1933ರಲ್ಲಿ 48 ಮೆಗಾವಾಟಿನ ಶಾನನ್ ಪವರ್‌ಹೌಸ್ ಶುರುವಾಗಿ ಲಾಹೋರ್ ತನಕ ದೀಪ ಬೆಳಗಿತು.

ಕೆಲಸ ಮುಗಿದ ಮೇಲೆ ಹಳಿ ಯಾರಿಗೆ ಬೇಕು? ಎರಡನೇ ಮಹಾಯುದ್ಧ ಬಂದಾಗ, 1941-42ರಲ್ಲಿ, ನಗ್ರೋಟಾದಿಂದ ಜೋಗಿಂದರ್‌ನಗರದವರೆಗಿನ ಹಳಿ ಕಿತ್ತು ಯುದ್ಧಕ್ಕೆ ಸಾಗಿಸಿದರು. ಸಂತೆಗೆ ಹೋಗುವವರು, ಕೋರ್ಟಿಗೆ ಹೋಗುವವರು ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ಮತ್ತೆ ರೈಲು ಬಂದದ್ದು 1954ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ.

ಅಷ್ಟಕ್ಕೇ ಮುಗಿಯಲಿಲ್ಲ. ಬಿಯಾಸ್ ನದಿಗೆ ನೀರಾವರಿ ಮತ್ತು ವಿದ್ಯುತ್ತಿಗೆಂದು ಪೊಂಗ್ ಅಣೆಕಟ್ಟು ಎದ್ದಿತು. ನಮ್ಮ ಶರಾವತಿಯ ಜನಕ್ಕೆ 'ಮುಳುಗಡೆ' ಎಂಬ ಮಾತಿನ ಅರ್ಥ ಹೇಳಿಕೊಡಬೇಕಿಲ್ಲ. ಅಲ್ಲಿ ಹಳಿಯೂ ಮುಳುಗಿತು. 1973ರಲ್ಲಿ ಜವಾನ್‌ವಾಲಾ ಶಹರ್‌ನಿಂದ ಗುಲೇರ್‌ವರೆಗಿನ ದಾರಿ ಮುಚ್ಚಿತು. ಎತ್ತರದಲ್ಲಿ ಹೊಸ ಹಳಿ ಹಾಕಿ 1976ರಲ್ಲಿ ತೆರೆದರು. ಕರೆಂಟಿಗಾಗಿ ಹುಟ್ಟಿದ ರೈಲಿಗೆ ಕರೆಂಟಿನ ಅಣೆಕಟ್ಟೇ ಕುತ್ತು ತಂದಿತು! 2022ರ ಆಗಸ್ಟ್ 20ರಂದು ಚಕ್ಕಿ ನದಿಯ ಪ್ರವಾಹಕ್ಕೆ ಸೇತುವೆ ಕುಸಿದು ಪಠಾಣ್‌ಕೋಟ್‌ನ ಕೊಂಡಿಯೇ ಕಳಚಿತು.

2024ರ ಮಾರ್ಚ್‌ನಲ್ಲಿ ಆ 99 ವರ್ಷದ ಗುತ್ತಿಗೆ ಮುಗಿಯಿತು. ಪವರ್‌ಹೌಸ್ ತನ್ನದು ಎಂದು ಪಂಜಾಬ್, ತನ್ನದು ಎಂದು ಹಿಮಾಚಲ. ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಪವರ್‌ಹೌಸ್‌ಗೇನೋ ಇಬ್ಬರು ವಾರಸುದಾರರು. ರೈಲಿಗೆ? ಗಂಟು ಮೂಟೆ ಪಕ್ಕಕ್ಕಿಟ್ಟುಕೊಂಡು ಪ್ಲಾಟ್‌ಫಾರಂನಲ್ಲಿ ಕಾದು ಕೂತವರೇ ಅಲ್ಲವೇ!